ಮನೆಮಾತು ತಿಂದ ಗಾಜಿನ ಗೊರವಂಕ

ಬಹಳ ಬಹಳ ಹಿಂದೆ ಮುತ್ತಿನಗಿರಿ ಎಂಬ ರಾಜ್ಯವಿತ್ತು. ಎಲ್ಲಿತ್ತು ಅಂತ ಮಾತ್ರ ಕೇಳಬೇಡಿ, ಕತೆ ಅಲ್ಲೇ ನಿಂತುಹೋಗುತ್ತದೆ.

ಆ ರಾಜ್ಯಕ್ಕೆ ಧೂಮಾಕ್ಷನೆಂಬ ಮಾಂತ್ರಿಕ ಬಂದ. ಮನೆಗೊಂದು ಗಾಜಿನ ಗೊರವಂಕ ಹಂಚಿದ, ಅದೂ ಪುಕ್ಕಟೆ! ಮಗುವಿಗೆ ಕೆಮ್ಮೇ? ಹಕ್ಕಿ ಕಷಾಯ ಹೇಳುತ್ತಿತ್ತು. ನಾಳೆ ಮಳೆಯೇ? ಅದನ್ನೂ ಹೇಳುತ್ತಿತ್ತು.

“ಇದಕ್ಕೆ ತಿನ್ನೋಕೆ ಏನು ಹಾಕೋದು ಸ್ವಾಮಿ?” ಎಂದು ಜನ ಕೇಳಿದರೆ, “ಏನೂ ಬೇಡ, ನೀವು ಮನೆಯಲ್ಲಿ ಮಾತಾಡ್ತಾ ಇರಿ, ಸಾಕು” ಎಂದು ನಗುತ್ತಿದ್ದ. ಪುಕ್ಕಟೆ ಸಿಕ್ಕಿದ್ದನ್ನು ಯಾರು ತಾನೇ ತಿರುಗಿಸಿ ನೋಡುತ್ತಾರೆ, ಹೇಳಿ!

ಮನೆಮನೆಯ ಮಾತೆಲ್ಲ ಅವನು ಅರಮನೆಯಲ್ಲಿಟ್ಟಿದ್ದ ದೊಡ್ಡ ಗೊರವಂಕದ ಹೊಟ್ಟೆ ಸೇರಿತು. ಯಾರು ನಾಳೆ ಏನು ಮಾಡುತ್ತಾರೆಂದು ಅದು ಹೇಳತೊಡಗಿತು. ರಾಜ ವಿಚಾರಣೆ ನಡೆಸುವುದನ್ನೇ ಬಿಟ್ಟ.

ಒಂದು ದಿನ ಅದು ಕೂಗಿತು: “ಬಣ್ಣಗಾರ ಕೆಂಚಣ್ಣ ಉಗ್ರಾಣ ದೋಚುತ್ತಾನೆ! ಕಾವಲುಗಾರ ಬೊಮ್ಮಯ್ಯನ ಪಾಳಿ ಯಾವಾಗ ಅಂತ ಮತ್ತೆ ಮತ್ತೆ ಕೇಳಿದ್ದಾನೆ!”

ಸಂಜೆಯೊಳಗೆ ಗಡಿ ದಾಟು ಎಂದು ಕೆಂಚಣ್ಣನಿಗೆ ಅಪ್ಪಣೆಯಾಯಿತು. ಯಾಕೆ ಕೇಳಿದೆ ಎಂದರೆ ತುಟಿ ಬಿಚ್ಚಲಿಲ್ಲ. ಬಿಚ್ಚುವುದಾದರೂ ಹೇಗೆ? ಬೊಮ್ಮಯ್ಯ ಮನೆಯಲ್ಲಿಲ್ಲದಾಗ ಅವನ ಮಗಳು ಸಂಪಿಗೆಯ ಜೊತೆ ಹಿತ್ತಲ ಬೇಲಿಯಾಚೆ ನಿಂತು ನಾಲ್ಕು ಮಾತಾಡಬೇಕಿತ್ತು, ಅಷ್ಟೇ! ಗುಟ್ಟು ಅವಳದೂ ಹೌದಲ್ಲ.

ಸಂಪಿಗೆ ಆಸ್ಥಾನಕ್ಕೆ ಓಡಿಬಂದಳು. “ಮಹಾಪ್ರಭು, ಹಕ್ಕಿಗೆ ನಾನೂ ಮೂರು ಪ್ರಶ್ನೆ ಕೇಳಲಾ?”

“ಕೇಳಮ್ಮ.”

“ಹಕ್ಕೀ, ಕೆಂಚಣ್ಣ ಪಾಳಿ ಕೇಳಿದ್ದು ಯಾಕೆ?”

“ಹಾಗೆ ಕೇಳಿದವರು ಹೆಚ್ಚಿನಂಶ ಕಳ್ಳರು.”

“ಉಳಿದವರ ಕತೆ ಬೇಡ, ಇವನದು ಹೇಳು.” ಹಕ್ಕಿ ಸುಮ್ಮನೆ ಕಣ್ಣು ಪಿಳುಕಿಸಿತು.

“ಹೋಗಲಿ, ಮಂತ್ರಿಗಳು ಮನೆಯಲ್ಲಿ ಊಟಕ್ಕೆ ಕೂತಾಗ ಮಹಾಪ್ರಭುಗಳನ್ನ ಏನಂತಾರೆ?”

“ಬೂದುಗುಂಬಳಕಾಯಿ!”

ಮಂತ್ರಿಗೆ ಎಲ್ಲಿಲ್ಲದ ಕೆಮ್ಮು ಬಂತು. ರಾಜನ ಮುಖ ಕೆಂಪಾಯಿತು.

“ಕೊನೆಯದು. ಮಹಾಪ್ರಭುಗಳು ಅಂತಃಪುರದ ಬಾಗಿಲು ಹಾಕಿಕೊಂಡು ರಾಣಿಯವರಿಗೆ ಏನು ಹೇಳ್ತಾರೆ?”

ಹಕ್ಕಿ ಬಾಯಿ ತೆರೆಯಿತು. ರಾಜ ಸಿಂಹಾಸನದಿಂದ ಧುಮುಕಿ ಅದರ ಕೊಕ್ಕು ಹಿಡಿದ. “ಬೇಡ! ಅದು ನಮ್ಮ ಮನೆ ಮಾತು!”

“ನಮ್ಮದೂ ಮನೆಯೇ, ಪ್ರಭು.”

ರಾಜ ತಲೆ ತಗ್ಗಿಸಿದ. ಆಮೇಲೆ ಕೊಕ್ಕು ಬಿಟ್ಟು, “ಯಾರ ಮಾತೋ ಅವರಿಗೆ ಕೊಟ್ಟುಬಿಡು” ಎಂದ.

ಹಕ್ಕಿಯ ಹೊಟ್ಟೆಯಿಂದ ಜೋಗುಳ, ಜಗಳ, ಪಿಸುಮಾತು ಎಲ್ಲ ಜೇನಿನಂತೆ ಎದ್ದು ತಂತಮ್ಮ ಮನೆಗೆ ಹಾರಿದವು. ತಡೆಯಲು ಸಿಂಹಾಸನದ ಪಕ್ಕದಲ್ಲಿದ್ದ ಧೂಮಾಕ್ಷ ಮಂತ್ರ ಹೇಳಹೋದ. ಬಾಯಿ ತೆರೆದರೆ ಮಾತೇ ಇಲ್ಲ! ಬೇರೆಯವರದೆಲ್ಲ ಹೋದ ಮೇಲೆ ತನ್ನದೆಂಬ ಒಂದು ಮಾತೂ ಅವನಲ್ಲಿ ಉಳಿದಿರಲಿಲ್ಲ. ಹೊಗೆಯಾಗಿ ಕರಗಿಹೋದ.

ಜನ ಹಕ್ಕಿಗಳನ್ನು ಬಿಸಾಡಲಿಲ್ಲ ಅನ್ನಿ. ಕೆಮ್ಮು ಯಾರಿಗೆ ತಪ್ಪಿದ್ದು? ಆದರೆ ರಾಜನ ಅಪ್ಪಣೆಯಂತೆ ಅವು ಈಗ “ಕೇಳಿಸಿಕೊಳ್ಳಲಾ?” ಎಂದು ಕೇಳುತ್ತಿದ್ದವು. ಬೇಡವೆಂದರೆ ರೆಕ್ಕೆಯೊಳಗೆ ತಲೆ ಹುದುಗಿಸುತ್ತಿದ್ದವು.

ಗಡಿಪಾರು ತಪ್ಪಿಸಿಕೊಂಡ ಕೆಂಚಣ್ಣನನ್ನು ಬೊಮ್ಮಯ್ಯ ಮೀಸೆ ತಿರುವುತ್ತ ಹಿಡಿದುಕೊಂಡ. “ಏನೋ, ನನ್ನ ಪಾಳಿ ಯಾಕಯ್ಯಾ ಬೇಕಿತ್ತು ನಿನಗೆ?”

“ಅಪ್ಪಾ, ಅದನ್ನ ನಾನು ಹೇಳ್ತೀನಿ, ಬಾ” ಎಂದಳು ಸಂಪಿಗೆ. ತನಗೆ ಬೇಕೆನಿಸಿದಾಗ, ಬೇಕೆನಿಸಿದಷ್ಟೇ ಹೇಳಿದಳು. ಮುಂದಿನ ಸುಗ್ಗಿಯಲ್ಲಿ ಮದುವೆಯ ಹೋಳಿಗೆಯನ್ನು ರಾಜ್ಯವೆಲ್ಲ ಉಂಡಿತು, ಬಾಯ್ತುಂಬ ಮಾತಾಡಿಕೊಂಡು ಸುಖವಾಗಿತ್ತು.