ಜೇಬಿಗೆ ಭಾರವಾಗದ ಪಿಸ್ತೂಲು

೨೦೨೪ರ ಅಕ್ಟೋಬರ್ ೨೧, ಸೋಮವಾರ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಜಯಕರ ಶೆಟ್ಟರು ಮಾರಿಸ್‌ವಿಲ್ ಪೊಲೀಸ್ ಠಾಣೆಯ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದು, ತಮ್ಮ ಪಿಸ್ತೂಲು ಕಳುವಾಗಿದೆ ಎಂದು ದೂರು ಕೊಟ್ಟರು. ಜೊತೆಗೆ ಬಂದಿದ್ದ ಹೆಂಡತಿ ಗುಲಾಬಿ, ಇಂಥದ್ದೊಂದು ಮನೆಯಲ್ಲಿದೆ ಎಂದು ಊರಿಗೆಲ್ಲ ಗೊತ್ತಾಗುತ್ತದಲ್ಲ ಎಂದು ಮುಖ ಗಂಟಿಕ್ಕಿಕೊಂಡು ನಿಂತಿದ್ದರು.

ಠಾಣೆಯಲ್ಲಿ ಕನ್ನಡ ಬಲ್ಲವಳು ಒಬ್ಬಳೇ, ಡಿಟೆಕ್ಟಿವ್ ಸುರಕ್ಷಾ. ಏಳನೇ ವಯಸ್ಸಿಗೆ ಮಂಗಳೂರಿನಿಂದ ಈ ದೇಶಕ್ಕೆ ಬಂದು, ಮನೆಯವರೆಲ್ಲ ಡಾಕ್ಟರಾಗು ಎಂದರೆ ಪೊಲೀಸಾದ ಹುಡುಗಿ. ಈಗ ವಯಸ್ಸು ಮೂವತ್ತನಾಲ್ಕು. ಕನ್ನಡದವರ ಮನೆಯ ಕೇಸು ಅಂದರೆ ಸಾರ್ಜೆಂಟ್ ಕಣ್ಣು ಮುಚ್ಚಿಕೊಂಡು ಅವಳ ಕಡೆ ಬೆರಳು ತೋರಿಸುತ್ತಿದ್ದ. ಆ ಮನೆಗಳವರು ಬಹುಪಾಲು ಅವಳಿಗೆ ತಿಂಡಿ ತಿನ್ನಿಸದೆ ಹೇಳಿಕೆ ಕೊಡುತ್ತಿರಲಿಲ್ಲ, ಅದೊಂದು ತೊಂದರೆ.

ಈ ಊರಲ್ಲಿ ಎಫ್‌ಐಆರ್ ಎಂಬ ಹೆಸರಿಲ್ಲ, ಇನ್ಸಿಡೆಂಟ್ ರಿಪೋರ್ಟ್ ಅನ್ನುತ್ತಾರೆ. ಸುರಕ್ಷಾ ಅದನ್ನು ತುಂಬಿಸತೊಡಗಿದಳು. ಜಯಕರ ಶೆಟ್ಟಿ, ವಯಸ್ಸು ಅರವತ್ತೇಳು, ಔಷಧ ಕಂಪನಿಯೊಂದರ ನಿವೃತ್ತ ಕೆಮಿಸ್ಟ್. ಕಳುವಾದದ್ದು ಪಾಯಿಂಟ್ ಟೂ ಫೈವ್ ಕ್ಯಾಲಿಬರ್‌ನ ಜೇಬು ಪಿಸ್ತೂಲು. ಕೊನೆಯ ಸಲ ನೋಡಿದ್ದು ಶನಿವಾರ ರಾತ್ರಿ, ಮಂಚದ ಪಕ್ಕದ ಡ್ರಾಯರಿನಲ್ಲಿ.

“ಲೋಡ್ ಆಗಿತ್ತಾ ಅಂಕಲ್?”

“ಆಗಿತ್ತು. ಅಲ್ಲ, ಪೂಜೆಗೆ ಅಂತ ಗುಂಡು ತೆಗೆದಿದ್ದೆ. ಆಮೇಲೆ ಹಾಕಿದ್ನೋ ಇಲ್ವೋ.” ಅವರು ಹೆಂಡತಿಯ ಮುಖ ನೋಡಿದರು. ಗುಲಾಬಿ ಕಿಟಕಿಯ ಕಡೆ ತಿರುಗಿದರು.

ಹತ್ತು ಗಂಟೆಗೆ ಸುರಕ್ಷಾ, ಆಫೀಸರ್ ಟೆರೆಲ್ ಜೊತೆ ಅವರ ಟೌನ್‌ಹೌಸಿಗೆ ಹೋದಳು. ಟೆರೆಲ್ ಠಾಣೆಯವರಿಗೆಲ್ಲ ಗುರಿ ಹೊಡೆಯುವುದನ್ನು ಕಲಿಸುವವನು, ಬಂದೂಕಿನ ಮಾತು ಬಂದರೆ ಊಟ ಮರೆಯುವವನು. ಪಂಚನಾಮೆಯ ಹಾಗೆ ಕೋಣೆ ಕೋಣೆ ನೋಡಿ ಬರೆದುಕೊಂಡರು. ಬಾಗಿಲು, ಕಿಟಕಿ ಮುರಿದಿಲ್ಲ. ಡ್ರಾಯರಿನ ಪಕ್ಕದಲ್ಲೇ ಇದ್ದ ಗುಲಾಬಿಯವರ ಕರಿಮಣಿ ಸರ, ನಾಲ್ಕು ಬಳೆ ಅಲುಗಿಲ್ಲ. ಎರಡು ವರ್ಷದ ಹಿಂದೆ ಇದೇ ಬೀದಿಯಲ್ಲಿ ಚಿನ್ನ ಕದಿಯಲೆಂದೇ ಮೂರು ಮನೆಗೆ ಕನ್ನ ಬಿದ್ದಿತ್ತು. ಜಯಕರರು ಪಿಸ್ತೂಲು ಕೊಂಡಿದ್ದೇ ಆ ಭಯಕ್ಕೆ. ಈ ಕಳ್ಳನಿಗೆ ಚಿನ್ನ ಬೇಕಾಗಿರಲಿಲ್ಲ.

ಡ್ರಾಯರಿನ ತಳದಲ್ಲಿ ಹಾಸಿದ್ದ ಬಿಳಿ ಕರವಸ್ತ್ರದ ಮೇಲೆ ಎಣ್ಣೆಯ ಜೊತೆ ಹಳದಿ, ಕೆಂಪು ಕಲೆ. ಟೆರೆಲ್ ರಕ್ತವೇ ಎಂದು ಬಗ್ಗಿ ನೋಡಿದ. ಸುರಕ್ಷಾಗೆ ನಗು ತಡೆಯಲಾಗಲಿಲ್ಲ. ಗುಲಾಬಿಯವರು ವಿವರಿಸಿದರು: ಹನ್ನೊಂದನೇ ತಾರೀಖು ಆಯುಧಪೂಜೆ. ಎರಡು ಕಾರು, ಮಿಕ್ಸಿ, ಲ್ಯಾಪ್‌ಟಾಪ್, ಹುಲ್ಲು ಕತ್ತರಿಸುವ ಮಷೀನು ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟರು.

“ನಿಜವಾದ ಆಯುಧ ಅಂತ ಮನೇಲಿ ಇರೋದು ಅದೊಂದೇ ಅಲ್ವಾ ಅಮ್ಮಾ, ಅದನ್ನ ಬಿಡೋಕಾಗುತ್ತಾ? ಇವರು ಚೆನ್ನಾಗಿ ಎಣ್ಣೆ ಹಾಕಿ ಒರೆಸಿ, ನಳಿಗೆ ಮೇಲೆತ್ತಿ ಇಟ್ರು. ನಾನು ಧಾರಾಳವಾಗೇ ಕುಂಕುಮ ಹಾಕಿದೆ.”

ಪೂಜೆಯ ಕುಂಕುಮ ಒರೆಸಬಾರದು ಎಂದು ಹಾಗೇ ಬಿಟ್ಟಿದ್ದರಂತೆ. ಸುರಕ್ಷಾ ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಟೆರೆಲ್ ಎದೆಯ ಮೇಲೆ ಕೈಯಿಟ್ಟುಕೊಂಡ.

ಕಾರಿಗೆ ವಾಪಸಾದ ಮೇಲೆ ಅವನ ಪಾಠ ಶುರುವಾಯಿತು. ಮುದುಕರು ಇಂಥ ಸಣ್ಣದನ್ನು ಕೊಳ್ಳುವುದರಲ್ಲಿ ಅರ್ಥವಿದೆ ಎಂದ. ಗಂಟುನೋವಿನ ಬೆರಳಿಗೆ ಗುಂಡು ಏರಿಸಲು ದೊಡ್ಡ ಪಿಸ್ತೂಲಿನ ಸ್ಲೈಡನ್ನು ಹಿಂದಕ್ಕೆ ಎಳೆಯಲಾಗುವುದಿಲ್ಲ. ಇದರ ನಳಿಗೆಯನ್ನು ಮೇಲೆತ್ತಿ ಗುಂಡು ಹಾಕಿದರಾಯಿತು. ಕೈಗೆ ಒದೆಯುವುದಿಲ್ಲ, ಜೇಬಿನಲ್ಲಿ ಇದೆಯೆಂದೇ ಗೊತ್ತಾಗುವುದಿಲ್ಲ. ಆಮೇಲೆ ಬೈಗುಳಕ್ಕೆ ಇಳಿದ. ನಳಿಗೆ ಗೇಣುದ್ದವೂ ಇಲ್ಲ, ಗುರಿ ನೋಡುವ ಗುಬುಟು ಸಾಸಿವೆಯಷ್ಟು, ಎದುರಿನವನು ಧಡೂತಿಯಾದರೆ ಗುಂಡು ತಗುಲಿದರೂ ನಿಲ್ಲುತ್ತಾನೆಂಬ ನಂಬಿಕೆಯಿಲ್ಲ. ಜೇಬಿನ ನೂಲು, ಧೂಳು ಸೇರಿದರೂ ಸಿಕ್ಕಿಕೊಳ್ಳುತ್ತದೆ. ಹಾಗಂತ ಆಟಿಕೆ ಅಂದುಕೊಂಡವನು ಕೆಟ್ಟ, ಹತ್ತಿರದಿಂದ ಬಿದ್ದರೆ ಜೀವ ಹೋಗುತ್ತದೆ. ಎಲ್ಲಕ್ಕಿಂತ ದೊಡ್ಡ ದೋಷ ಅದರ ಹಗುರವೇ ಎಂದ. ಭಾರವಿಲ್ಲದ್ದನ್ನು ಜನ ಮರೆತುಬಿಡುತ್ತಾರೆ. ಕದಿಯುವವನಿಗೂ ಅದು ಸುಲಭ.

ಠಾಣೆಯಲ್ಲಿ ಕೂತು ಇಬ್ಬರೂ ಶೆಟ್ಟರ ಬಾಗಿಲಿನ ಕ್ಯಾಮೆರಾದ ಒಂದು ವಾರದ ಚಿತ್ರ ನೋಡಿದರು. ಮನೆಯೊಳಗೆ ಕಾಲಿಟ್ಟ ಹೊರಗಿನವರು ಒಬ್ಬರೇ: ಬಾಬಾಜಾನ್ ಸಾಹೇಬರು. ಮೈಸೂರಿನವರು, ಅರವತ್ತೊಂಬತ್ತು, ನಿವೃತ್ತ ಸಿವಿಲ್ ಎಂಜಿನಿಯರ್. ಹದಿನಾಲ್ಕು ವರ್ಷದಿಂದ ಬೆಳಿಗ್ಗೆ ಆರೂ ಮುಕ್ಕಾಲಿಗೆ ಬಂದು ಜಯಕರರನ್ನು ಕ್ರಿಕೆಟ್ ಮೈದಾನದ ಸುತ್ತ ನಡೆಸಿಕೊಂಡು ಬರುವವರು. ಅವರನ್ನು ಹೊರಗಿನವರೆಂದು ಎಣಿಸಬೇಕೆಂದೇ ಶೆಟ್ಟರ ಮನೆಯವರಿಗೆ ಹೊಳೆದಿರಲಿಲ್ಲ. ಭಾನುವಾರ ಗುಲಾಬಿ ದೇವಸ್ಥಾನಕ್ಕೆ ಹೋದ ಮೇಲೆ, ೯:೨೦ಕ್ಕೆ ಅವರು ಇನ್ನೊಮ್ಮೆ ಬಂದಿದ್ದರು. ೯:೩೫ಕ್ಕೆ ಬಲಗೈಯನ್ನು ಜಾಕೆಟ್ಟಿನ ಜೇಬಿನೊಳಗಿಟ್ಟುಕೊಂಡೇ ಹೊರಟಿದ್ದರು.

ಸುರಕ್ಷಾ ಹಿಂದಕ್ಕೆ ಹೋಗಿ ಗುರುವಾರದ ಚಿತ್ರವನ್ನು ಎರಡು ಸಲ ನೋಡಿದಳು. ಅಂದು ಬಾಬಾಜಾನ್ ೬:೪೬ಕ್ಕೆ ಒಳಗೆ ಹೋಗಿ, ೬:೫೧ಕ್ಕೆ ಒಬ್ಬರೇ ಹೊರಗೆ ಬಂದಿದ್ದರು. ಮೆಟ್ಟಿಲ ಮೇಲೆ ಕೂತು, ಎರಡೂ ಕೈ ಮೊಣಕಾಲಿಗೆ ಒತ್ತಿಕೊಂಡು ಹನ್ನೊಂದು ನಿಮಿಷ ಹಾಗೇ ಇದ್ದರು. ಆಮೇಲೆ ಜಯಕರರು ನಗುನಗುತ್ತ ಹೊರಗೆ ಬಂದರು, ಇಬ್ಬರೂ ವಾಕಿಂಗಿಗೆ ಹೊರಟರು.

ಹನ್ನೆರಡೂವರೆಗೆ ಅವಳು ಟೆರೆಲ್ ಜೊತೆ ಹೋಗಿ ಬಾಬಾಜಾನರ ಮನೆ ಬಾಗಿಲು ತಟ್ಟಿದಳು. ಸಾಹೇಬರು ಮಾತ್ರೆ ತರಲು ಹೋಗಿದ್ದರು. ಅವರ ಹೆಂಡತಿ ಮಕ್ಸೂದಾ, ಬಂದವಳು ಪೊಲೀಸು ಅನ್ನುವುದಕ್ಕಿಂತ ಕನ್ನಡದ ಹುಡುಗಿ ಅನ್ನುವುದಕ್ಕೇ ಹಿಗ್ಗಿ ಒಳಗೆ ಕರೆದರು. ಸಿಂಕಿನ ಪಕ್ಕದಲ್ಲಿ ಬೂದು ಬಣ್ಣದ ಜಾಕೆಟ್ಟು, ಬಲ ಜೇಬು ಒಳಹೊರಗಾಗಿತ್ತು.

“ಶೆಟ್ಟರ ಮನೇಲಿ ಏನೋ ತಿಂದು ಉಳಿದಿದ್ದನ್ನ ಜೇಬಿಗೆ ಹಾಕ್ಕೊಂಡು ಬಂದವ್ರೆ ನೋಡಮ್ಮಾ,” ಎಂದರು ಮಕ್ಸೂದಾ. “ಮೂರು ಸಲ ಸೋಪ್ ಹಾಕ್ದೆ. ಅರಿಶಿನ ಎಲ್ಲಿ ಹೋಗುತ್ತೆ?”

ಕಲೆ ಇಸ್ಪೀಟಿನ ಕಟ್ಟಿನಷ್ಟು ಅಳತೆಯದು. ಹಳದಿ, ಅಂಚಿನಲ್ಲಿ ಕೆಂಪು, ಎಣ್ಣೆ. ಸುರಕ್ಷಾಗೆ ಕಳ್ಳ ಸಿಕ್ಕಿದಾಗ ಆಗಬೇಕಾದ ಸಂತೋಷ ಒಂದಿಷ್ಟೂ ಆಗಲಿಲ್ಲ. ಆದರೂ ಒಪ್ಪಿಗೆ ಕೇಳಿ, ಫೋಟೊ ತೆಗೆದು, ಜಾಕೆಟ್ಟನ್ನು ಚೀಲಕ್ಕೆ ಹಾಕಿ ಮೊಹರು ಮಾಡಿದಳು.

೧:೧೫ಕ್ಕೆ ಬಾಬಾಜಾನ್ ಬಂದರು. ಚೀಲ ನೋಡಿದರು, ಸುರಕ್ಷಾಳನ್ನು ನೋಡಿದರು. ಕೇಳುವ ಮೊದಲೇ ಗರಾಜಿಗೆ ಕರೆದೊಯ್ದು, ಸರ್ವೆ ಉಪಕರಣದ ಹಳೆಯ ಮರದ ಪೆಟ್ಟಿಗೆ ತೋರಿಸಿದರು. ಪಿಸ್ತೂಲು ಅದರೊಳಗೆ ಉಣ್ಣೆಯ ಟೋಪಿಯಲ್ಲಿ ಸುತ್ತಿಕೊಂಡಿತ್ತು. ಟೆರೆಲ್ ಗ್ಲೌಸ್ ಹಾಕಿಕೊಂಡು ನಳಿಗೆ ಮೇಲೆತ್ತಿದ. ಒಳಗೊಂದು ಗುಂಡು ಕೂತಿತ್ತು. ಅದರ ಹಿಂಬದಿಯ ನಡುವೆ ಮೊಳೆ ಸೋಕಿದಂಥ ಸಣ್ಣ ತಗ್ಗು. ಎಣ್ಣೆಗೆ ಕುಂಕುಮ ಸೇರಿ ಹಿಟ್ಟಾಗಿ, ಗುಂಡಿನ ಹಿಂಬದಿಗೆ ಹೊಡೆಯುವ ಪಿನ್ನಿನ ರಂಧ್ರದಲ್ಲಿ ಗಟ್ಟಿಯಾಗಿತ್ತು. ಟೆರೆಲ್ ದನಿ ತಗ್ಗಿಸಿ ಹೇಳಿದ: ಯಾರೋ ಟ್ರಿಗರ್ ಎಳೆದಿದ್ದಾರೆ. ಪಿನ್ನು ಪೂರ್ತಿ ಮುಂದೆ ಹೋಗಿಲ್ಲ.

ಎರಡು ಗಂಟೆಗೆ ಠಾಣೆಯ ಕೋಣೆಯಲ್ಲಿ ಸುರಕ್ಷಾ ಬಾಬಾಜಾನರಿಗೆ ಅವರ ಹಕ್ಕುಗಳನ್ನು ಓದಿ ಹೇಳಿದಳು. ವಕೀಲರು ಬೇಡ ಎಂದರು.

“ಯಾಕೆ ತಗೊಂಡ್ರಿ ಅಂಕಲ್?”

“ಆಸೆ ಆಯ್ತು. ಪುಟ್ಟದಾಗಿ ಚೆನ್ನಾಗಿತ್ತು.”

“ಈ ಸ್ಟೇಟಲ್ಲಿ ಗನ್ ಕದಿಯೋದು ಫೆಲನಿ. ಜೈಲಾಗಬಹುದು.”

“ಬರ್ಕೊಳಮ್ಮಾ. ಆಸೆ ಆಯ್ತು ಅಂತ.”

ಅರವತ್ತೊಂಬತ್ತು ವರ್ಷದಲ್ಲಿ ಒಂದು ಪಾರ್ಕಿಂಗ್ ಟಿಕೆಟ್ಟನ್ನೂ ಪಡೆಯದ ಮನುಷ್ಯ, ಸುಳ್ಳು ಹೇಳಲೂ ಬರದೆ ಮೇಜಿನ ಅಂಚು ಸವರುತ್ತ ಕೂತಿದ್ದರು. ಸುರಕ್ಷಾ ಗುಂಡಿನ ಫೋಟೊವನ್ನು ಅವರ ಮುಂದಿಟ್ಟಳು. ಪಕ್ಕದಲ್ಲಿ ಗುರುವಾರದ ಚಿತ್ರ, ಮೆಟ್ಟಿಲ ಮೇಲೆ ಕೂತವರು ಅವರೇ. ಬಾಬಾಜಾನ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

“ಟಿಕ್ ಅಂತು,” ಎಂದರು. “ಅಷ್ಟೇ. ಜಯಕರ ಅದನ್ನ ಹಿಡ್ಕೊಂಡು ಹಾಲ್‌ನಲ್ಲಿ ನಿಂತಿದ್ದ. ಯಾರು ನೀನು, ಯಾರು ನೀನು ಅಂದ. ಬಾಬು ಕಣೋ ಅಂದೆ. ಎರಡು ಮಾರು ದೂರ ಇರ್ಲಿಲ್ಲ.”

ಉಳಿದದ್ದು ನಿಧಾನವಾಗಿ ಬಂತು. ಜಯಕರರ ಮರೆವು ಬೇಸಿಗೆಯಲ್ಲೇ ಶುರುವಾಗಿತ್ತು. ಆಗಸ್ಟಿನಲ್ಲಿ ಒಮ್ಮೆ ಅಂಗಡಿಯಿಂದ ಮನೆಗೆ ದಾರಿ ತಿಳಿಯದೆ ಪಾರ್ಕಿಂಗಿನಲ್ಲಿ ಅಳುತ್ತ ಕೂತಿದ್ದಾಗ ಬಾಬಾಜಾನರೇ ಹೋಗಿ ಕರೆತಂದಿದ್ದರು. ಗುಲಾಬಿಗೆ ಹೇಳಬೇಡ, ದೂರದ ಹರ್ನ್‌ಡನ್ ಊರಲ್ಲಿರುವ ಮಗ ಪ್ರತೀಕನಿಗಂತೂ ಹೇಳಲೇಬೇಡ, ಕಾರಿನ ಕೀ ಕಿತ್ತುಕೊಳ್ಳುತ್ತಾರೆ ಎಂದು ಜಯಕರರು ಆಣೆ ಹಾಕಿಸಿಕೊಂಡಿದ್ದರು. ಕಾರಿಲ್ಲದೆ ಈ ಊರಲ್ಲಿ ಹಾಲು ತರಲೂ ಹೋಗಲಾಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಗುರುವಾರ ಆ ಟಿಕ್ ಆದ ಮೇಲೆ ಜಯಕರರು ಕೈಲಿದ್ದದ್ದನ್ನು ಜೇಬಿಗೆ ಹಾಕಿಕೊಂಡು, ಶೂ ಎಲ್ಲಿದೆ ಎಂದು ಹುಡುಕತೊಡಗಿದ್ದರಂತೆ.

“ಕೊಟ್ಬಿಡು ಅಂತ ಕೇಳಬಹುದಿತ್ತಲ್ಲ ಅಂಕಲ್?”

“ಕೇಳ್ದೆ. ಗುರುವಾರ ಕೇಳ್ದೆ, ಹೌದು ಕಣೋ ನನಗ್ಯಾಕೆ, ನಾಳೆ ಅಂಗಡಿಗೆ ವಾಪಸ್ ಕೊಡೋಣ ಅಂದ. ಶುಕ್ರವಾರ ಕೇಳಿದ್ರೆ ಮೊದಲನೇ ಸಲ ಕೇಳ್ದಂಗೆ ಇದ್ದ. ಮತ್ತೆ ಅದೇ, ನಾಳೆ ಕೊಡೋಣ. ಶನಿವಾರವೂ ಅಷ್ಟೇ. ಪ್ರತಿ ಸಲವೂ ಖುಷಿಯಾಗೇ ಒಪ್ಕೊಂಡ ಅಮ್ಮಾ.” ಅವರು ಫೋಟೊವನ್ನು ಮಗುಚಿಟ್ಟರು. “ಇದನ್ನ ಬರೀಬೇಡ. ಬಾಬು ಮೇಲೆ ಟ್ರಿಗರ್ ಎಳ್ದೆ ಅಂತ ಅವನಿಗೆ ಗೊತ್ತಾದ್ರೆ ಬದುಕಲ್ಲ ಅವನು. ನಾನು ಕಳ್ಳ ಅಂತಾನೇ ಇರ್ಲಿ.”

ಸುರಕ್ಷಾ, ಬರೆಯದೆ ಇರಲು ನನ್ನಿಂದಾಗದು ಎಂದು ಹೇಳಿದಳು. ಬರೆದರೆ ಸರ್ಕಾರಿ ವಕೀಲರಾದ ಡಿಸ್ಟ್ರಿಕ್ಟ್ ಅಟಾರ್ನಿ ಕೇಸು ಕೈಬಿಡಬಹುದು, ಶೆಟ್ಟರಿಗೆ ಡಾಕ್ಟರೂ ಸಿಗುತ್ತಾರೆ. ಆದರೆ ವರದಿಯಲ್ಲಿ ಬರೆದದ್ದನ್ನೆಲ್ಲ ಅವರಿಗೆ ಓದಿ ಹೇಳಬೇಕೆಂಬ ಕಾನೂನು ತನಗೆ ಗೊತ್ತಿಲ್ಲ ಎಂದಳು. ೩:೧೦ಕ್ಕೆ ಬಂಧನದ ದಾಖಲೆ ಆಯಿತು. ಟೆರೆಲ್ ಕೈಕೋಳವನ್ನು ಹಿಂದಕ್ಕಲ್ಲ, ಮುಂದಕ್ಕೆ ಹಾಕಿ, ಬಿಗಿಯಾಯಿತೇ ಎಂದು ಎರಡು ಸಲ ಕೇಳಿದ.

ಮ್ಯಾಜಿಸ್ಟ್ರೇಟರು, ವಿಚಾರಣೆಗೆ ಬರುತ್ತೇನೆಂದು ಬರೆಸಿಕೊಂಡು ೪:೪೦ಕ್ಕೆ ಬಿಡುಗಡೆ ಮಾಡಿದರು. ಅಷ್ಟರಲ್ಲಿ ಸುರಕ್ಷಾ, ಬಾಬಾಜಾನರ ಬಳಿ ಪಿಸ್ತೂಲು ಸಿಕ್ಕಿತೆಂದು ಶೆಟ್ಟರ ದಂಪತಿಯನ್ನು ಠಾಣೆಗೆ ಕರೆಸಿ, ಗುಲಾಬಿಯವರನ್ನಷ್ಟೇ ಪಾರ್ಕಿಂಗಿಗೆ ಕರೆದು ಎಲ್ಲವನ್ನೂ ಹೇಳಿದ್ದಳು. ಮರೆವು ನನಗೂ ಗೊತ್ತಿತ್ತು, ಹೇಳಿದರೆ ನಿಜವಾಗಿಬಿಡುತ್ತದೇನೋ ಅಂತ ಸುಮ್ಮನಿದ್ದೆ ಎಂದರು ಅವರು. ಕಾರಿಗೆ ಒರಗಿ ಸ್ವಲ್ಪ ಹೊತ್ತು ಅತ್ತು, ಪ್ರತೀಕನಿಗೆ ಫೋನ್ ಮಾಡಿ ರಜೆ ಹಾಕಿ ಬಾ ಎಂದರು. ಪಿಸ್ತೂಲು ನಮಗೆ ವಾಪಸ್ ಬೇಡ ಎಂದು ಸುರಕ್ಷಾಗೆ ಬರೆದುಕೊಟ್ಟರು.

ವರದಿಯ ಕೊನೆಯಲ್ಲಿ ಕಾರಣ ಬರೆಯುವ ಜಾಗಕ್ಕೆ ಬಂದಾಗ ಸುರಕ್ಷಾ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು. ಗುರುವಾರದ್ದೆಲ್ಲ ಮೇಲೆ ಬರೆದಾಗಿತ್ತು, ಇಲ್ಲಿ ಸ್ನೇಹಿತನನ್ನು ಕಾಪಾಡಲು ಎಂದಷ್ಟೇ ಬರೆದು ಮುಗಿಸುವಷ್ಟರಲ್ಲಿ ಎದುರಿನ ಬಾಗಿಲು ತೆರೆದು ಬಾಬಾಜಾನ್ ಹೊರಗೆ ಬಂದರು. ಗುಲಾಬಿ ಬೇಡವೆಂದರೂ ಕೇಳದೆ ಜಯಕರರು ಪಕ್ಕದ ಬೆಂಚಿನಿಂದ ಎದ್ದು ಅಡ್ಡ ನಿಂತರು. ಅವರ ಮುಖದಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

“ಅಲ್ವೋ ಬಾಬು,” ಎಂದರು, “ಒಂದು ಮಾತು ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ?”

ಬಾಬಾಜಾನ್ ಒಂದು ಕ್ಷಣ ಸುರಕ್ಷಾಳ ಕಡೆ ನೋಡಿದರು. ಅವಳು ತಲೆ ಎತ್ತಲಿಲ್ಲ.

“ಕೊಡ್ತಿದ್ದೆ ಕಣೋ. ಕೇಳಬೇಕಿತ್ತು. ತಪ್ಪಾಯ್ತು.”

ಜಯಕರರು ಯೋಚಿಸಿದರು. ಆಮೇಲೆ ಗೆಳೆಯನ ಹೆಗಲ ಮೇಲೆ ಕೈಯಿಟ್ಟು, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು.