ಎದುರು ಕುರ್ಚಿಯವಳು

ಬನ್ನು ಮಾರುವ ಹೆಂಗಸು ಅವಳನ್ನು ನೋಡಿದ್ದೇ ತಡ, ಕೈಯಲ್ಲಿದ್ದ ಇಕ್ಕಳ ನೆಲಕ್ಕೆ ಬಿತ್ತು!

ಪರದೇಶದ ಬೀದಿ. ಭಾನುವಾರ ಬೆಳಗಿನ ಹತ್ತಕ್ಕೇ ದೀಪ ಹಚ್ಚಿಸಿಕೊಂಡ ಮಳೆ. ಅತ್ತೆ, ಸೊಸೆ ಛತ್ರಿ ಮಡಚಿ ಅಂಗಡಿಯೊಳಗೆ ಕಾಲಿಟ್ಟಿದ್ದರು, ಅಷ್ಟೇ.

ಆ ಹೆಂಗಸು ಗಾಜಿನ ಪೆಟ್ಟಿಗೆಯ ಹಿಂದಿನಿಂದ ನಿಧಾನವಾಗಿ ಬಂದಳು. ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ಸೊಸೆಯ ಮಣಿಕಟ್ಟಿನ ಮೇಲೆ ಒಂದೇ ಒಂದು ಬೆರಳಿಟ್ಟು, ಕಾದ ಹೆಂಚು ಮುಟ್ಟಿದವಳಂತೆ ಸರಕ್ಕನೆ ಎಳೆದುಕೊಂಡಳು. ಅವಳ ಕಣ್ಣು ತುಂಬಿತ್ತು.

ಏನೂ ಕೇಳದೆ ಎರಡು ಬನ್ನು ಸುತ್ತಿ ಕೊಟ್ಟಳು.

"ಇದೇನೇ, ನಿನ್ನ ಕಂಡ್ರೆ ದೆವ್ವ ಕಂಡ ಹಾಗೆ ಆಡ್ತಾಳಲ್ಲ!"

"ನೆಂದ ಕೂದಲು ನೋಡಿ ಹೆದರಿರ್ಬೇಕು ಅತ್ತೆ."

"ಹಾಗಾದ್ರೆ ಮೊದ್ಲು ನನ್ನ ನೋಡಿ ಹೆದರ್ಬೇಕಿತ್ತು."

ಸೊಸೆ ನಗಲಿಲ್ಲ. ಊರು ನೋಡಲು ಬಂದವರೆಂದು ಕಾಗದಪತ್ರದಲ್ಲೇನೋ ಬರೆದಿತ್ತು. ಆದರೆ ಅವಳು ನೋಡಬೇಕಾಗಿದ್ದುದು ಒಬ್ಬಳೇ ಒಬ್ಬಳನ್ನು.

ಅವಳ ಗಂಡ ಎರಡು ವರ್ಷದಿಂದ ಈ ಊರಿನಲ್ಲಿ ಲಿಫ್ಟ್ ರಿಪೇರಿಯ ಕೆಲಸದಲ್ಲಿದ್ದ. ಭಾನುವಾರ ಬಂತೆಂದರೆ ಇದೇ ಅಂಗಡಿಯ ಬನ್ನು, ಆಮೇಲೆ ವಸ್ತು ಸಂಗ್ರಹಾಲಯ, ಮಧ್ಯಾಹ್ನ ಹೊಳೆದಂಡೆಯ ಹೋಟೆಲಿನಲ್ಲಿ ಊಟ... ಎಲ್ಲವನ್ನೂ ಫೋನಿನಲ್ಲಿ ಹೇಳುತ್ತಿದ್ದ. ಹೀಗಿರುವಾಗ ಅವನ ಜೊತೆ ಕೆಲಸ ಮಾಡುವವನೊಬ್ಬ ರಜೆಗೆ ಊರಿಗೆ ಬಂದು, "ಅಣ್ಣ ಭಾನುವಾರ ಎರಡೆರಡು ಊಟ ಹೇಳ್ತಾರೆ ಅತ್ತಿಗೆ" ಎಂದು ಕಿಸಕ್ಕನೆ ನಕ್ಕ.

"ಯಾರ್ರೀ ಅವಳು?" ಎಂದು ಅವಳು ಫೋನಿನಲ್ಲಿ ಗಂಡನನ್ನು ಕೇಳಿದಳು.

ಗಂಡ ಮಾತಾಡಲಿಲ್ಲ. ಬೈದಿದ್ದರೆ ನಂಬುತ್ತಿದ್ದಳು, ನಕ್ಕಿದ್ದರೂ ನಂಬುತ್ತಿದ್ದಳು. ಆ ಮೌನವನ್ನು ಮಾತ್ರ ನುಂಗಲಾಗಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು ಅವಳು, ಗಾಜಿನ ಪಟ್ಟಿಯ ಮೇಲೆ ಕಂಡದ್ದನ್ನಷ್ಟೇ ನಂಬಿ ಬದುಕಿದವಳು. ಐದು ತಿಂಗಳಿಂದ ಅವನ ಫೋನ್ ಎತ್ತಿಲ್ಲ. 'ಅವಳನ್ನು ಒಮ್ಮೆ ಕಣ್ಣಾರೆ ನೋಡಿಬಿಟ್ಟರೆ ಸಾಕು... ಒಂದು ಮಾತೂ ಆಡದೆ ವಾಪಸ್ಸು ಹೋಗ್ತೀನಿ. ಅಲ್ಲಿಗೆ ಈ ಸಂಸಾರ ಮುಗೀತು.'

ಅತ್ತೆ ತಾನೂ ಬರುತ್ತೇನೆಂದು ಹಟ ಹಿಡಿದು ಬಂದಿದ್ದರು. ಮಗನಿಗೆ ಇಬ್ಬರೂ ಹೇಳಿರಲಿಲ್ಲ.

ಸಂಗ್ರಹಾಲಯದ ಕಾವಲುಗಾರ ಅವಳನ್ನು ಕಂಡು ಟೋಪಿ ತೆಗೆದ. ಗರ್ಭಗುಡಿಗೆ ಕರೆದೊಯ್ಯುವವನ ಹಾಗೆ ಸದ್ದಿಲ್ಲದೆ ಮುಂದೆ ನಡೆದ. ಹಳೆಯ ದೋಣಿಗಳ ಕೋಣೆಯಲ್ಲಿ ಒಂದು ಬೆಂಚಿತ್ತು. ಅದರ ಅರ್ಧವನ್ನು ಮಾತ್ರ ಕರವಸ್ತ್ರದಿಂದ ಒರೆಸಿ, ಕೂರು ಎಂದು ಸನ್ನೆ ಮಾಡಿದ. ಇನ್ನರ್ಧದಲ್ಲಿ ಅತ್ತೆ ಕೂರಲು ಹೋದರೆ ಗಾಬರಿಯಿಂದ ತಡೆದ!

"ಯಾಕಪ್ಪಾ, ನಾನು ಕೂತ್ರೆ ಬೆಂಚು ಮುರಿಯುತ್ತಾ?" ಎಂದ ಅತ್ತೆ, ಅವನು ಮರೆಯಾದೊಡನೆ ದನಿ ತಗ್ಗಿಸಿದರು. "ನಿನ್ನ ಥರಾನೇ ಇರೋಳು ಒಬ್ಬಳು ಇಲ್ಲಿದ್ದಾಳೆ ಕಣೇ. ಇವರೆಲ್ಲ ನಿನ್ನನ್ನ ಅವಳು ಅಂದ್ಕೊಂಡಿದ್ದಾರೆ."

ಅವಳು ತಲೆಯೆತ್ತಿದಳು. ಎದುರಿನ ಗಾಜಿನಲ್ಲಿ ತನ್ನದೇ ಮುಖ... ಮಳೆಯ ಮಬ್ಬಿನಲ್ಲಿ ಅದು ತನಗಿಂತ ತುಸು ಶಾಂತವಾಗಿ ಕಂಡಿತು. 'ಇವಳಾ ಅವಳು?'

ಹೊಳೆದಂಡೆಯ ಹೋಟೆಲಿನಲ್ಲಿ ಅವಳು ಕಾಲಿಟ್ಟೊಡನೆ ಚಮಚಗಳ ಸದ್ದೆಲ್ಲ ನಿಂತಿತು.

ಮುದುಕ ಯಜಮಾನ ಅವಳನ್ನು ಮೂಲೆಯ ಮೇಜಿಗೆ ಕರೆದೊಯ್ದ. ಹಬೆಯಾಡುವ ಸಾರಿನ ಬಟ್ಟಲು ಎರಡು ಬಂದವು. ಎದುರಿನ ಬಟ್ಟಲಿಗೆ ಚಮಚವನ್ನು ಬಲಕ್ಕಿಟ್ಟ. ಅವಳ ಬಟ್ಟಲಿಗೆ... ಎಡಕ್ಕೆ!

ಅವಳು ಉಣ್ಣುವುದು ಎಡಗೈಯಲ್ಲಿ. ಇದನ್ನು ಇಲ್ಲಿ ಯಾರು ಹೇಳಿದರು?

ಯಜಮಾನನ ಹೆಂಡತಿ ಅತ್ತೆಯನ್ನು ಪಕ್ಕಕ್ಕೆ ಕರೆದು ಸನ್ನೆಯಲ್ಲಿ ವಿವರಿಸಿದಳು. ಸೊಸೆಯ ಕಡೆ ಬೆರಳು, ಆಮೇಲೆ ಮುಚ್ಚಿದ ಕಣ್ಣು, ಆಮೇಲೆ ಆಕಾಶ.

ಅತ್ತೆಯ ಮುಖ ಬಿಳಚಿಕೊಂಡಿತು. "ಶಿವ ಶಿವಾ... ಇನ್ನೊಬ್ಬಳೂ ಇಲ್ಲ, ಮತ್ತೊಬ್ಬಳೂ ಇಲ್ಲ ಕಣೇ. ನೀನು ಸತ್ತು ಹೋಗಿದ್ದೀಯ ಅಂದ್ಕೊಂಡಿದ್ದಾರೆ ಇವರು!"

ಅಷ್ಟರಲ್ಲಿ ಬಾಗಿಲು ತೆರೆಯಿತು. ಅವನು ಬಂದ.

ಬಡಕಲಾಗಿದ್ದ. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರನ್ನೂ ನೋಡದೆ ನೇರ ಮೂಲೆಗೆ ಬಂದು ಕೂತು, ಜೇಬಿನಿಂದ ಫೋನ್ ತೆಗೆದು ಉಪ್ಪಿನ ಡಬ್ಬಿಗೆ ಆನಿಸಿದ. ಅದರಲ್ಲಿ ಅವಳ ಚಿತ್ರ. ಬೆಂಚಿನ ಮೇಲೂ, ಬನ್ನಿನ ಅಂಗಡಿಯಲ್ಲೂ ಅವನ ಜೊತೆಗಿದ್ದವಳು ಯಾರೆಂದು ಅವಳಿಗೀಗ ತಿಳಿಯಿತು.

ಅವನು ತಲೆಯೆತ್ತಿ ಅವಳನ್ನು ನೋಡಿದ. ಇಡೀ ಹೋಟೆಲು ಉಸಿರು ಬಿಗಿಹಿಡಿದಿತ್ತು. ಅವನೊಬ್ಬ ಮಾತ್ರ ಬೆಚ್ಚಲಿಲ್ಲ!

"ಇವತ್ತು ನೀನೇ ಮೊದಲು ಬಂದ್ಯಾ?" ಎಂದು ಮೆಲ್ಲಗೆ ನಕ್ಕ. "ಏಳನೇ ಮಹಡಿ ಲಿಫ್ಟು ಮತ್ತೆ ನಿಂತುಹೋಯ್ತು, ನೋಡು. ನೀನೇನೋ ಪ್ರತಿ ಭಾನುವಾರ ಬರ್ತೀಯ. ಊರಲ್ಲಿರೋ ಅವಳು ಮಾತ್ರ ಫೋನ್ ಎತ್ತಲ್ಲ... ಯಾರು ಅಂತ ಕೇಳಿದ ಆವತ್ತೇ ಹೇಳಿಬಿಡ್ಬೇಕಿತ್ತು. ಖಾಲಿ ಕುರ್ಚಿ ಜೊತೆ ಮಾತಾಡ್ತೀನಿ ಅಂದ್ರೆ ತಲೆ ಕೆಟ್ಟಿದೆ ಅಂತ ಹೆದರ್ತಾಳೆ ಅಂತ ಸುಮ್ಮನಾದೆ. ಆ ಕುರ್ಚಿ ಯಾರಿಗೆ ಅಂತ ಇಲ್ಲಿಯವರು ಕೇಳಿದಾಗ ಫೋಟೋ ತೋರಿಸಿದೆ, ಬೇರೆ ಏನು ಹೇಳೋಕೂ ಭಾಷೆ ಬರಲ್ಲ."

ಗಂಡನ ಕಣ್ಣು ತನ್ನ ಮೇಲೇ ಇದೆ... ಆದರೆ ಆ ಕಣ್ಣಿಗೆ ತಾನಿಲ್ಲ! ಐದು ತಿಂಗಳು ಬಾಯಿ ಮುಚ್ಚಿಕೊಂಡು ಅವಳು ತನ್ನನ್ನೇ ತಾನು ಸಾಯಿಸಿಕೊಂಡಿದ್ದಳು. 'ಭಗವಂತಾ, ನಾನು ಇದ್ದೀನಾ?'

ಚಮಚ ಎತ್ತಿದಳು. ಒಂದು ಗುಟುಕು... ಎರಡು... ಮೂರು...

ಅವನ ಮಾತು ನಿಂತಿತು. ನೋಟ ಬಟ್ಟಲಿಗಿಳಿಯಿತು.

"ಸಾರು... ಕಡಿಮೆ ಆಯ್ತು," ಎಂದ. ಬಟ್ಟಲಿನ ಮೇಲೆ ಬಾಗಿ ನೋಡಿದ.

"ಉಪ್ಪು ಜಾಸ್ತಿ ಇದೆ ರೀ," ಎಂದಳು ಅವಳು.

ಅವನು ಎದ್ದ ರಭಸಕ್ಕೆ ಕುರ್ಚಿ ಮಗುಚಿತು. ಯಾರೋ ಕಿರುಚಿದರು, ಯಾರೋ ದೇವರಿಗೆ ಕೈಮುಗಿದರು. ಅವನು ಮೇಜು ಬಳಸಿ ಬಂದು ಅವಳ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಅವಳೂ ಅತ್ತಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ನಾನೂ ಬಂದಿದ್ದೀನಿ ಕಣೋ" ಎಂದರೂ ಕೇಳಿಸಿಕೊಳ್ಳುವವರಿರಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳು ಅವನ ಒದ್ದೆ ಕೂದಲಲ್ಲಿ ಬೆರಳಾಡಿಸಿದಳು.

"ಆ ಇನ್ನೊಬ್ಬಳ ಜೊತೆ ಚೆನ್ನಾಗೇ ಇದ್ರಿ ಅಂತ ಕಾಣುತ್ತೆ."

"ಹ್ಞೂಂ. ಒಂದು ದಿನಾನೂ ಜಗಳ ಆಡಲಿಲ್ಲ."

"ಹಾಗಾದ್ರೆ ಅವಳನ್ನೇ ಇಟ್ಕೊಳ್ಳಿ."

"ಅದರಿಂದಾನೇ ಗೊತ್ತಾಗ್ತಿತ್ತು, ನೀನಲ್ಲ ಅಂತ." ಅವನು ಮುಖವೆತ್ತಿದ. "ಬೈಯಿ. ಐದು ತಿಂಗಳಿಂದ ಉಳಿಸಿಕೊಂಡಿರೋದನ್ನೆಲ್ಲ ಬೈಯಿ."

"ಮೊದಲು ಕ್ಷಮೆ ಕೇಳ್ತೀನಿ ರೀ... ಆಮೇಲೆ ಬೈತೀನಿ."

"ಯಾವುದು ಮೊದಲಾದ್ರೂ ಆಗಲಿ," ಎಂದ ಅವನು. "ನೀನು ಮಾತಾಡ್ತಿರು, ಅಷ್ಟೇ."