ಆಕಾರ ಕೆಡದ ಅಲೆ

"ಯಾರನ್ನ ಕೇಳಿ ಸಮೀಕರಣದಾಗಿನ ಆ ಟರ್ಮ್ ತಗದ್ರಿ?"

ಪಿಎಚ್.ಡಿ. ಮಾಡುತ್ತಿದ್ದ ಶೈಲಶ್ರೀ ಫ್ಲಾಪಿಯನ್ನು ಮೇಜಿನ ಮೇಲೆ ಕುಕ್ಕಿದಳು. ರಾಣೆಬೆನ್ನೂರಿನ ಕಾಲೇಜಿಗೆ ಹೊಸದಾಗಿ ಬಂದಿದ್ದ ಭೌತಶಾಸ್ತ್ರದ ಉಪನ್ಯಾಸಕ ಶಂಭುಲಿಂಗ ತಬ್ಬಿಬ್ಬಾದ. ಇಬ್ಬರೂ ಪರಸ್ಪರ ಮುಖ ನೋಡಿದ್ದೇ ಅವತ್ತು!

"ಅದು ಭಾಳ ಸಣ್ಣದಿತ್ರಿ... ಕಂಪ್ಯೂಟರ್ ಹಳೇದು, ಲಗೂ ಮುಗೀಲಿ ಅಂತ..."

"ಬಿ.ಎಸ್ಸಿ. ಹುಡುಗರಿಗೆ ಲೋಲಕದ ಲೆಕ್ಕ ಕಲಿಸಿದಂಗ ಸಣ್ಣದೆಲ್ಲಾ ಬಿಟ್ಟುಬಿಡಾಕ ಇದೇನು ನಿಮ್ಮ ಕ್ಲಾಸೇನ್ರಿ?"

ಅವಳ ಸಂಶೋಧನೆಯೇ ಆ ಸಣ್ಣದರ ಮೇಲೆ ನಿಂತಿತ್ತು. ಅಣುಗಳ ಸರಪಳಿಯ ಒಂದು ತುದಿಯನ್ನು ಅಲುಗಿಸಿದರೆ ಅಲೆ ಹರಡಿ ಹರಡಿ ಅಳಿಸಿಹೋಗುತ್ತದೆ. ಸಮೀಕರಣದಲ್ಲಿ ಆ ಪುಟ್ಟ ಟರ್ಮ್ ಇದ್ದರೆ ಮಾತ್ರ ಅದು ಒಂಟಿಯಾಗಿ, ಆಕಾರ ಕೆಡದೆ ಕೊನೆಯವರೆಗೂ ಸಾಗುತ್ತದೆ. ಕಾಲೇಜಿನ ಕಂಪ್ಯೂಟರಿನಲ್ಲಿ ಓಡಿಸಲೆಂದು ಅಲ್ಲಿನ ಅಟೆಂಡರ್ ಕೊಟ್ರಪ್ಪನ ಕೈಯಲ್ಲಿ ಇವನಿಗೆ ಪ್ರೋಗ್ರಾಂ ಕಳಿಸಿ, ಬಂದ ಫಲಿತಾಂಶವನ್ನು ನಂಬಿ ಧಾರವಾಡಕ್ಕೆ ಒಯ್ದಿದ್ದಳು. "ನಿನ್ನ ಅಲೆ ಸತ್ತೈತಲ್ಲವಾ" ಎಂದು ಗೈಡ್ ಎಲ್ಲರೆದುರು ನಕ್ಕರು. ಹದಿನೈದು ದಿನದಲ್ಲಿ ಸರಿಯಾದ ಲೆಕ್ಕ ತರದಿದ್ದರೆ ಈ ವಿಷಯವನ್ನೇ ಬಿಡಬೇಕಂತೆ! ಹೇಳಿ, ಸಿಟ್ಟು ಬರಬಾರದೇ?

"ಮತ್ತ ಓಡಸ್ತೇನ್ರಿ," ಎಂದ ಅವನು.

"ನಿಮ್ಮನ್ನ ನಂಬೂದಿಲ್ಲ. ದಿನಾ ಬಂದು ಕಾಯ್ತೇನಿ."

ಹಾಗೇ ಬಂದಳು, ಮುಖ ಗಂಟಿಕ್ಕಿಕೊಂಡೇ. ಕರೆಂಟು ಹೋಗಿ ಲೆಕ್ಕ ನಿಂತಾಗಲೆಲ್ಲ ಅವನು ಬೇಸರಿಸದೆ ಮೊದಲಿನಿಂದ ಶುರು ಮಾಡುತ್ತಿದ್ದ. ಮಧ್ಯಾಹ್ನ ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಅವಳತ್ತ ಸರಿಸುತ್ತಿದ್ದ.

'ಈ ಮನಷ್ಯಾ ನೆಟ್ಟಗ ಸಿಟ್ಟು ಮಾಡಾಕೂ ಬಿಡೂದಿಲ್ಲ!'

ಹನ್ನೆರಡನೇ ದಿನ, ಅವನು ಹಿಂದಿನ ಸಂಜೆ ಶುರು ಮಾಡಿಟ್ಟಿದ್ದ ಲೆಕ್ಕ ಮುಗಿದು, ಪರದೆಯ ಮೇಲೆ ಅಲೆ ಸರಪಳಿಯ ಈ ತುದಿಯಿಂದ ಆ ತುದಿಗೆ ಸಾಗಿತು, ಒಂಚೂರೂ ಕೆಡದೆ! ಶೈಲಶ್ರೀಯ ಕಣ್ಣು ತುಂಬಿತು. ಮೊದಲು ಅವನಿಗೇ ಹೇಳಬೇಕು ಎನಿಸಿತು. ಆದರೆ ಬೆಳಗಿನಿಂದ ಅವನ ಪತ್ತೆಯೇ ಇರಲಿಲ್ಲ.

"ಸರ ಧಾರವಾಡಕ್ಕ ಹೋಗ್ಯಾರವ್ವ, ನಿಮ್ಮ ಗೈಡ್ ಕಡೆ," ಎಂದ ಕೊಟ್ರಪ್ಪ.

ಶೈಲಶ್ರೀಗೆ ಅನುಮಾನ ಬಂತು. ತನ್ನ ಲೆಕ್ಕವನ್ನು ಅವನದೆಂದು ಹೇಳಿಕೊಳ್ಳಲು ಹೋದನೇ? ರೊಟ್ಟಿ ಹಂಚಿದ್ದೆಲ್ಲ ಇದಕ್ಕೇನಾ?

ಸಂಜೆ ರೈಲಿಳಿದವನಿಗೆ ಸ್ಟೇಷನ್ನಿನಲ್ಲೇ ಅಡ್ಡ ನಿಂತಳು.

"ಏನ್ ಹೇಳಿ ಬಂದ್ರಿ?"

"ತಪ್ಪು ಶೈಲಶ್ರೀ ಅವರದಲ್ಲ, ನಂದು ಅಂತ ಬರದು ಸಹಿ ಮಾಡಿ ಕೊಟ್ಟು ಬಂದೇನ್ರಿ. ಎಲ್ಲಾರ ಮುಂದ ಓದಿದ್ರು. ವಿಷಯ ಬಿಡಸೂದಿಲ್ಲ ಅಂದ್ರು."

ಅವಳ ಅನುಮಾನ ಹೋಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ, ಇನ್ನಷ್ಟು ಏರಿತು.

"ಇದನ್ನರ ನನ್ನ ಕೇಳಿದ್ರ್ಯಾ? ನನ್ನ ಅಲೆ ಇವತ್ತ ಕೊನೀತನಕ ಹೋಗೈತಿ! ನಾನೇ ಹೋಗಿ ತೋರಸ್ತಿದ್ದೆ, ನಕ್ಕವರ ಬಾಯಿ ಮುಚ್ಚಸ್ತಿದ್ದೆ! ನಂದು ಯಾವುದನ್ನೂ ನನ್ನ ಕೇಳದ ಮಾಡಬ್ಯಾಡ್ರಿ!"

ಶಂಭುಲಿಂಗ ತಲೆ ತಗ್ಗಿಸಿದ.

"ತಪ್ಪಾತ್ರಿ... ಹಂಗಾರ ಒಂದ್ ಮಾತು ಕೇಳ್ಲೇನ್ರಿ? ಬ್ಯಾಡಂದ್ರ ಮತ್ತ ಎತ್ತೂದಿಲ್ಲ."

"ಕೇಳ್ರಿ!"

"ನೀವಂದ್ರ ನನಗ ಜೀವ. ನನ್ನ ಲಗ್ನ ಆಗ್ತೀರೇನು?"

ಸಿಟ್ಟಿನಲ್ಲೇ ಅವಳ ಕೆನ್ನೆಯ ಮೇಲೆ ನೀರಿಳಿಯಿತು.

"ಸುದ್ದಿ ಮೊದಲ ನಿಮಗ ಹೇಳಬೇಕಂತ ಉಪವಾಸ ಕುಂತೇನಿ. ಇಷ್ಟೂ ತಿಳಿಯೂದಿಲ್ಲೇನ್ರಿ ನಿಮಗ?"

"ಅಂದ್ರ... ಹೂಂ ಅಂತೇನ್ರಿ?"

"ಹೂಂ! ಸಿಟ್ಟು ಹಂಗ ಐತಿ ಮತ್ತ."

"ಇರಲಿ ಬಿಡ್ರಿ," ಎಂದು ಅವನು ಮೆಲ್ಲಗೆ ಕೇಳಿದ, "ಊಟಕ್ಕ ಹೋಗೂಣೇನ್ರಿ?"